ಎರಡು ಕ್ರೆಡಿಟ್ಟಿನ ಅರಿವು

ಮಾಹಿತಿ ಸಾಕ್ಷರತೆ ಎಂದರೇನು? ವಿವರಿಸಿರಿ. ಐದು ಅಂಕ.

ಇಂಥ ಪ್ರಶ್ನೆಗೆ ಉತ್ತರ ಬರೆಯುವುದನ್ನು ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ‘1974ರಲ್ಲಿ ಅಮೆರಿಕದ ಪಾಲ್ ಜುರ್ಕೋವ್‌ಸ್ಕಿ ಈ ಪದವನ್ನು ಮೊದಲು ಬಳಸಿದನು’ ಎಂದು ಶುರು ಮಾಡಬೇಕು. ಕೆಳಗೆ ವ್ಯಾಖ್ಯೆ, ಅದರ ಕೆಳಗೆ ಮಹತ್ವದ ಆರು ಅಂಶಗಳು, ಅಡಿಗೆರೆ ಸಹಿತ. ಕೊನೆಗೆ ಉಪಸಂಹಾರ. ಈ ಜುರ್ಕೋವ್‌ಸ್ಕಿ ಯಾರಪ್ಪ, ಅವನಿಗೆ ನಮ್ಮ ಸಾಕ್ಷರತೆಯ ಚಿಂತೆ ಯಾಕೆ ಹತ್ತಿತು ಎಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ಕೇಳಿದ್ದರೆ, ಆ ಮಹಾಶಯ ಮಾಹಿತಿ ಮಾರುವ ಕಂಪನಿಗಳ ಸಂಘದ ಅಧ್ಯಕ್ಷನಾಗಿದ್ದ ಎಂಬ ರುಚಿಕಟ್ಟಾದ ಸಂಗತಿ ಸಿಗುತ್ತಿತ್ತು. ಸಿಕ್ಕರೂ ಉತ್ತರ ಪತ್ರಿಕೆಯಲ್ಲಿ ಬರೆಯುವಂತಿಲ್ಲ. ಗೈಡಿನಲ್ಲಿ ಅದು ಇಲ್ಲ, ಗೈಡಿನಲ್ಲಿ ಇಲ್ಲದ್ದಕ್ಕೆ ಅಂಕವೂ ಇಲ್ಲ. ‘ಇದನ್ನು ಹೇಳಿದ್ದು ಯಾರು, ಯಾಕೆ?’ ಎಂದು ಕೇಳುವುದನ್ನು ಕಲಿಸಲೆಂದೇ ಹುಟ್ಟಿದ ವಿಷಯದಲ್ಲಿ, ಆ ಪ್ರಶ್ನೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದವನಿಗೆ ಫಸ್ಟ್ ಕ್ಲಾಸ್.

ಗ್ರಂಥಾಲಯ ವಿಜ್ಞಾನದವರಿಗೆ ಇದು ಮೊದಲಿನಿಂದಲೂ ಇದ್ದ ಪಾಠ. ಉಳಿದ ಬಿಎ, ಬಿಕಾಂ, ಬಿಎಸ್ಸಿ ಮಂದಿಗೆ 2021ರಲ್ಲಿ ಇದರದೇ ಬಳಗದ ಇನ್ನೊಂದು ಬಂತು. ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿ ಮಾಡಿದ ರಾಜ್ಯ ನಮ್ಮದು ಎಂದು ಬೆಂಗಳೂರಿನಲ್ಲಿ ಬೆನ್ನು ತಟ್ಟಿಕೊಂಡ ವರ್ಷ ಅದು. ಪತ್ರಿಕೆಯ ಹೆಸರು ‘ಡಿಜಿಟಲ್ ಫ್ಲೂಯೆನ್ಸಿ’. ಎರಡು ಕ್ರೆಡಿಟ್. ಕ್ರೆಡಿಟ್ಟಿಗೆ ಹದಿನೈದು ತಾಸಿನಂತೆ ಮೂವತ್ತು ತಾಸು. ಅಷ್ಟರಲ್ಲಿ ಕೃತಕ ಬುದ್ಧಿಮತ್ತೆ, ಮಷೀನ್ ಲರ್ನಿಂಗ್, ಬಿಗ್ ಡೇಟಾ, ಕ್ಲೌಡ್ ಕಂಪ್ಯೂಟಿಂಗ್, ಸೈಬರ್ ಸುರಕ್ಷತೆ ಮುಗಿಸಿ, ಉಳಿದ ವೇಳೆಯಲ್ಲಿ ಪರಿಣಾಮಕಾರಿ ಸಂವಹನ, ವಿಮರ್ಶಾತ್ಮಕ ಚಿಂತನೆ, ತಂಡದಲ್ಲಿ ಕೆಲಸ ಮಾಡುವ ಕಲೆ, ಡಿಸೈನ್ ಥಿಂಕಿಂಗ್ ಕರಗತ ಮಾಡಿಕೊಳ್ಳಬೇಕಿತ್ತು. ಮನುಷ್ಯಕುಲ ಮುಕ್ಕಾಲು ಶತಮಾನ ತಿಣುಕಿದ್ದನ್ನು ನಾವು ದೀಪಾವಳಿ ಸೂಟಿಯೊಳಗೆ ಮುಗಿಸಿ, ಇಂಟರ್ನಲ್ ಮಾರ್ಕ್ಸ್ ಹಾಕಿ, ಸಹಿ ಮಾಡುತ್ತಿದ್ದೆವು.

ಇದನ್ನು ಕಲಿಸುತ್ತಿದ್ದವರು ಯಾರು? ವರ್ಕ್‌ಲೋಡ್ ಕಡಿಮೆ ಬಿದ್ದವರು.

ನಗಬೇಡಿ. ನಮ್ಮ ಪದವಿ ಕಾಲೇಜುಗಳಲ್ಲಿ ಜ್ಞಾನದ ವಿಂಗಡಣೆ ನಡೆಯುವುದೇ ಈ ಒಂದು ಸೂತ್ರದ ಮೇಲೆ. ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ತಾಸು ಪಾಠ ಮಾಡಬೇಕು. ಅತಿಥಿ ಉಪನ್ಯಾಸಕರಿಗಂತೂ ತಾಸು ಕಡಿಮೆಯಾದರೆ ಸಂಬಳ ಕಡಿಮೆ, ತಾಸು ಇಲ್ಲವಾದರೆ ಊರಿಗೆ ಹೋಗುವ ಬಸ್ಸು. ಹೊಟ್ಟೆಪಾಡಿನ ಮಾತು, ಅವರನ್ನು ಹಳಿಯುವುದು ನನಗೆ ಸಾಧ್ಯವಿಲ್ಲ. ಆದರೆ ನೀತಿ ರೂಪಿಸಿದವರು ಬರೆದದ್ದೇನು? ವಿದ್ಯಾರ್ಥಿ ತನ್ನ ಶಿಸ್ತಿನ ಗೋಡೆ ಒಡೆದು ಹೊರಬರಬೇಕು. ಇತಿಹಾಸದವನು ಭೌತಶಾಸ್ತ್ರ ಇಣುಕಬೇಕು, ವಾಣಿಜ್ಯದವಳು ಸಾಹಿತ್ಯ ಸವಿಯಬೇಕು. ಅದಕ್ಕೆಂದೇ ಮೊದಲ ನಾಲ್ಕು ಸೆಮಿಸ್ಟರಿಗೆ ಮೂರು ಕ್ರೆಡಿಟ್ಟಿನ ‘ಓಪನ್ ಎಲೆಕ್ಟಿವ್’ ಇಟ್ಟರು. ಆಯ್ಕೆ ವಿದ್ಯಾರ್ಥಿಯದು ಎಂದರು. ಆಯ್ಕೆ ಹೇಗೆ ನಡೆಯಿತೆಂಬುದನ್ನು ಊಹಿಸಿಕೊಳ್ಳಲು ಹೆಚ್ಚು ಕಷ್ಟಪಡಬೇಕಿಲ್ಲ:

“ಸರ್, ನನಗ ಜಾನಪದ ಬೇಕ್ರಿ.”

“ಜಾನಪದ ಯಾಕೋ? ನಿಮ್ಮಾಯಿ ಬೀಸೂ ಹಾಡ ಹಾಡೂದಿಲ್ಲೇನು? ಮನ್ಯಾಗ ಕೇಳು. ಇಲ್ಲಿ ಹೂಡಿಕೆ ಅರಿವು ತಗೋ. ಆ ಮೇಡಮ್ಮಾರಿಗೆ ಮೂರ ತಾಸ ಕಮ್ಮಿ ಬಿದ್ದಾವ.”

“ಅದು ನನಗ ತಿಳೀತೈತೇನ್ರಿ? ನಮ್ಮ ಮನ್ಯಾಗ ಹೂಡಾಕ ಏನೂ ಇಲ್ರಿ.”

“ತಿಳಿಯೂದು ಆಮ್ಯಾಲ. ಮೊದಲ ಕ್ಲಿಕ್ ಮಾಡು. ಸೀಟ ಮುಗದುವಂದ್ರ ಉಳಿಯೂದು ಯೋಗಾ ಒಂದ.”

ಹುಡುಗ ಕ್ಲಿಕ್ ಮಾಡುತ್ತಾನೆ. ಎಲ್ಲಿ? ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಎಂದುಕೊಂಡಿರಾ? ಗೇಟಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ. ಯುಯುಸಿಎಂಎಸ್ ಎಂಬ ರಾಜ್ಯಕ್ಕೊಂದೇ ಪೋರ್ಟಲ್ಲು ಬಂದ ಮೇಲೆ ಪ್ರವೇಶ, ವಿಷಯ ಆಯ್ಕೆ, ಪರೀಕ್ಷಾ ಶುಲ್ಕ, ಫಲಿತಾಂಶ ಎಲ್ಲಕ್ಕೂ ಅದೇ ಬಾಗಿಲು. ಆ ಬಾಗಿಲ ಕೀಲಿ ಮಾತ್ರ ಝೆರಾಕ್ಸ್ ಅಂಗಡಿಯ ಅಣ್ಣನ ಹತ್ತಿರ. ಅವನಲ್ಲೊಂದು ಉದ್ದನೆಯ ವಹಿ ಇರುತ್ತದೆ. ಪ್ರತಿ ವಿದ್ಯಾರ್ಥಿಯ ಹೆಸರು, ಯೂಸರ್ ಐಡಿ, ಪಾಸ್‌ವರ್ಡ್, ಮೊಬೈಲ್ ನಂಬರು, ಆಧಾರ್ ನಂಬರು ಸಾಲಾಗಿ, ನೀಲಿ ಶಾಯಿಯಲ್ಲಿ. ಸೈಬರ್ ಸುರಕ್ಷತೆಯಲ್ಲಿ ಪಾಸಾದವರದ್ದೂ ಅದರಲ್ಲೇ ಇದೆ. ‘ಪ್ರಬಲ ಪಾಸ್‌ವರ್ಡಿನ ಲಕ್ಷಣಗಳನ್ನು ತಿಳಿಸಿರಿ’ ಎಂಬುದಕ್ಕೆ ಅವರೆಲ್ಲ ಮುತ್ತಿನಂಥ ಉತ್ತರ ಬರೆದವರು. ಅವರ ಸ್ವಂತ ಪಾಸ್‌ವರ್ಡನ್ನು ಮಾತ್ರ ಅಣ್ಣನೇ ಇಟ್ಟಿದ್ದಾನೆ: ಹುಡುಗನ ಹೆಸರು, ಅದರ ಮುಂದೆ ಒಂದು, ಎರಡು, ಮೂರು. ಡಿಜಿಟಲ್ ಫ್ಲೂಯೆನ್ಸಿ ಇಡೀ ಕಾಲೇಜಿನಲ್ಲಿ ಯಾರಿಗಾದರೂ ದಕ್ಕಿದ್ದರೆ ಈ ಅಣ್ಣನಿಗೆ. ಅವನು ಡಿಗ್ರಿ ಮುಗಿಸಿರುವುದೂ ಬಹುಶಃ ಅನುಮಾನ.

ಮುಂದಿನ ಕತೆ ನಿಮಗೆ ಗೊತ್ತು. 2023ರ ಅಕ್ಟೋಬರಿನಲ್ಲಿ ಹೊಸ ಸರ್ಕಾರ ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ಮಾಡಿತು. 2024ರ ಮೇನಲ್ಲಿ ಮಧ್ಯಂತರ ವರದಿಯ ಆಧಾರದ ಮೇಲೆ ನಾಲ್ಕು ವರ್ಷದ ಪದವಿ ರದ್ದಾಯಿತು, ಮೂರು ವರ್ಷದ್ದು ಮರಳಿತು. ಪೂರ್ಣ ವರದಿ ಕೈಗೆ ಬಂದದ್ದು 2025ರ ಆಗಸ್ಟಿನಲ್ಲಿ. ಮೊದಲು ಜಾರಿ, ಆಮೇಲೆ ವರದಿ. ಅದನ್ನೇನೂ ಟೀಕಿಸುತ್ತಿಲ್ಲ, ಮೊದಲು ಉತ್ತರ ಬರೆದು ಆಮೇಲೆ ಪ್ರಶ್ನೆ ಓದುವ ವಿದ್ಯಾರ್ಥಿಗಳನ್ನು ನಾನೂ ಬಲ್ಲೆ. ಕೆಲವು ಮನೆಗಳಲ್ಲಿ ಇದರ ಪರಿಣಾಮ ನೋಡುವಂಥದ್ದು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಒಂದೇ ಕಾಲೇಜಿಗೆ ನಾಲ್ಕೈದು ವರ್ಷದ ಅಂತರದಲ್ಲಿ ಸೇರಿದ ಮೂವರು ಒಡಹುಟ್ಟಿದವರು ಮೂರು ನೀತಿಗಳ ಫಲ. ಹಿರಿಯವನದು ಹಳೇ ಪದ್ಧತಿ. ನಡುವಿನವಳದು ರಾಷ್ಟ್ರೀಯ ನೀತಿ, ಮೇಜರ್ ಮೈನರ್ ಓಪನ್ ಎಲೆಕ್ಟಿವ್ ಎಲ್ಲ ಕೂಡಿದ ಮಾರ್ಕ್ಸ್ ಕಾರ್ಡು. ಕಿರಿಯವನದು ರಾಜ್ಯ ನೀತಿ, ಮತ್ತೆ ಮೂರು ಐಚ್ಛಿಕ ವಿಷಯ. ಅಕ್ಕನ ನೋಟ್ಸು ತಮ್ಮನಿಗೆ ಬರುವುದಿಲ್ಲ, ಅಣ್ಣನ ಪುಸ್ತಕ ಅಕ್ಕನಿಗೆ ಬರಲಿಲ್ಲ. ರದ್ದಿ ಅಂಗಡಿಯವನೊಬ್ಬನೇ ಮೂರೂ ನೀತಿಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಿದ.

ಶಿಸ್ತುಗಳ ಗೋಡೆ ಒಡೆಯುವ ಮಾತಿಗೆ ಬರೋಣ. ಹುಕ್ಕೇರಿ ತಾಲೂಕಿನಲ್ಲಿ ಘಟಪ್ರಭೆಯ ದಂಡೆಗೆ ಘೋಡಗೇರಿ ಎಂಬ ಊರಿದೆ. ಅಲ್ಲಿ 1937ರಲ್ಲಿ ಹುಟ್ಟಿದ ಹುಡುಗನೊಬ್ಬ ಗೋಕಾಕದಲ್ಲಿ ಓದಿದ, ಬಡತನಕ್ಕೆ ಓದು ನಿಂತಿತು, ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಕೈಹಿಡಿದು ಮತ್ತೆ ಓದಿಗೆ ಹಚ್ಚಿದರು. ಮುಂದೆ ಆತ ಕವಿಯಾದ, ನಾಟಕಕಾರನಾದ, ಕಾದಂಬರಿ ಬರೆದ, ಜಾನಪದ ಸಂಶೋಧಿಸಿದ, ಸಿನಿಮಾ ನಿರ್ದೇಶಿಸಿದ, ಸಂಗೀತ ಹಾಕಿದ, ಹಾಡಿದ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದ, ಜ್ಞಾನಪೀಠ ಪಡೆದ. ಚಂದ್ರಶೇಖರ ಕಂಬಾರರು ರಾಷ್ಟ್ರೀಯ ನೀತಿಯ ಕಾಲದಲ್ಲಿ ನಮ್ಮ ಪೋರ್ಟಲ್ಲಿಗೆ ಬಂದಿದ್ದರೆ ಏನಾಗುತ್ತಿತ್ತು? ಜಾನಪದವನ್ನು ಮೇಜರ್ ಎಂದು ಒತ್ತಿದರೆ ಸಿನಿಮಾ ಮೈನರಿಗೆ ಸಿಗದು. ಸಂಗೀತ ಓಪನ್ ಎಲೆಕ್ಟಿವ್ ಎಂದರೆ ‘ನಿಮ್ಮ ಕಾಲೇಜಿನಲ್ಲಿ ಈ ವಿಷಯ ಲಭ್ಯವಿಲ್ಲ’. ದೊಡ್ಡಾಟ ನೋಡಲು ರಾತ್ರಿಯೆಲ್ಲ ಎಚ್ಚರ ಕೂತದ್ದಕ್ಕೆ ಕ್ರೆಡಿಟ್ ಬ್ಯಾಂಕಿನಲ್ಲಿ ಖಾತೆಯೇ ಇಲ್ಲ. ಕೊನೆಗೆ ಹೂಡಿಕೆ ಅರಿವು ತಗೊಂಡು ಶೇ 62 ಬಂದು, ಘಟಪ್ರಭಾದ ಯಾವುದೋ ಪತ್ತಿನ ಸಂಘದಲ್ಲಿ ಪಿಗ್ಮಿ ಎತ್ತುತ್ತಿದ್ದರೇನೋ.

ಅದೇ ನೆಲದ ಇನ್ನೊಂದು ಮಾತು. ಹಿಂದಿನ ಗೋಕಾಕ ತಾಲೂಕಿನ ಕುಲಗೋಡದ ತಮ್ಮಣ್ಣ ತಿದ್ದಿ ಬೆಳೆಸಿದ, ಕೌಜಲಗಿ ನಿಂಗಮ್ಮ ಊರೂರು ಗೆಲ್ಲಿಸಿದ ‘ಶ್ರೀಕೃಷ್ಣ ಪಾರಿಜಾತ’ದ ಮೂಲ ಅಪರಾಳ ತಮ್ಮಣ್ಣನದು ಎನ್ನುತ್ತಾರೆ. ಹಾಗಾದರೆ ಆಟ ಯಾರದು? ಮೊದಲು ಬರೆದವನದೋ, ತಿದ್ದಿದವನದೋ, ಅಟ್ಟದ ಮೇಲೆ ನಿಂತು ಅದಕ್ಕೆ ಜೀವ ಕೊಟ್ಟವಳದೋ? ಕರ್ತೃತ್ವ, ಆಕರ, ಪಾಠಾಂತರ ಎಂದು ಮಾಹಿತಿ ಸಾಕ್ಷರತೆಯವರು ತಲೆ ಕೆಡಿಸಿಕೊಳ್ಳುವ ಪ್ರಶ್ನೆಗಳೆಲ್ಲ ಕಾಲೇಜಿನಿಂದ ಬೈಕಿನಲ್ಲಿ ಹೋಗಿಬರುವ ದೂರದಲ್ಲಿವೆ. ನಾವು ಜುರ್ಕೋವ್‌ಸ್ಕಿ ಬರೆಸುತ್ತಿದ್ದೇವೆ.

ಇನ್ನೊಂದಿದೆ, ಇನ್ನೂ ಹತ್ತಿರದ್ದು. ಏಷ್ಯಾದಲ್ಲಿ ಮೊಟ್ಟಮೊದಲು ಜಲವಿದ್ಯುತ್ ತಯಾರಾದದ್ದು ಎಲ್ಲಿ? ಗೋಕಾಕ ಫಾಲ್ಸಿನಲ್ಲಿ, 1887ರಲ್ಲಿ ಎಂದು ನಮ್ಮ ಮಕ್ಕಳು ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಧಾರವಾಡಕ್ಕೆ ಹೋಗಿ ಕೆಎಎಸ್, ಪಿಎಸ್‌ಐ ಕೋಚಿಂಗಿಗೆ ಕೂತ ಕೂಡಲೇ ಒಂದು ಗೈಡು ಶಿವನಸಮುದ್ರ, 1902 ಎನ್ನುತ್ತದೆ. ಇನ್ನೊಂದು ಗೈಡು ಡಾರ್ಜಿಲಿಂಗ್ ಹತ್ತಿರದ ಸಿದ್ರಾಪೊಂಗ್, 1897 ಎನ್ನುತ್ತದೆ. ಊರಿನ ಅಭಿಮಾನ ಒಂದು ಕಡೆ, ಸರ್ಕಾರಿ ನೌಕರಿ ಇನ್ನೊಂದು ಕಡೆ. ಹುಡುಗ ಏನು ಮಾಡುತ್ತಾನೆ? ಮೂರರ ಹಿಂದಿನ ಆಧಾರ ಹುಡುಕುತ್ತಾನೆಯೇ? ಇಲ್ಲ. ಹೋದ ಸಲದ ಕೀ ಆನ್ಸರ್ ಹುಡುಕುತ್ತಾನೆ.

ಹುಡುಕಿದ್ದರೆ ತಿಳಿಯುತ್ತಿತ್ತು. ಗೋಕಾಕದ್ದು ತನ್ನ ನೂಲಿನ ಗಿರಣಿಗೆಂದು ನೀರನ್ನು ದುಡಿಸಿಕೊಂಡ ಕತೆ. ಸಿದ್ರಾಪೊಂಗಿನದು ಒಂದು ಪಟ್ಟಣಕ್ಕೆ ದೀಪ ಹಚ್ಚಿದ್ದು. ಶಿವನಸಮುದ್ರದ್ದು ದೂರದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದು ಸಾಗಿಸಿದ್ದು. ಮೂವರೂ ‘ಮೊದಲು’ ಎನ್ನುತ್ತಾರೆ, ಯಾವುದರಲ್ಲಿ ಮೊದಲು ಎಂಬುದನ್ನು ಯಾರೂ ಹೇಳುವುದಿಲ್ಲ. ಒಂದು ಮಧ್ಯಾಹ್ನದ ಪಾಠಕ್ಕೆ ಇದಕ್ಕಿಂತ ಬೇರೆ ಸರಕು ಬೇಕೇ? ಇತಿಹಾಸ ಬರುತ್ತದೆ, ಎಂಜಿನಿಯರಿಂಗ್ ಬರುತ್ತದೆ, ಬ್ರಿಟಿಷ್ ಬಂಡವಾಳ ಬರುತ್ತದೆ, ಗಿರಣಿ ಕಾರ್ಮಿಕರ ಬದುಕು ಬರುತ್ತದೆ, ಹೊಸತಾಗಿ ಪ್ರಪಂಚಕ್ಕೆಲ್ಲ ಹತ್ತಿರುವ ‘ನಾವೇ ಮೊದಲು’ ಎಂಬ ರೋಗದ ಲಕ್ಷಣವೂ ಬರುತ್ತದೆ. ಫಾಲ್ಸು ಐದಾರು ಕಿಲೋಮೀಟರ್ ದೂರದಲ್ಲಿದೆ. ಅಲ್ಲಿಗೆ ಹುಡುಗರು ಹೋಗುತ್ತಾರೆ, ರೀಲ್ಸ್ ಮಾಡಲು.

(ಗೋಕಾಕ ಚಳವಳಿ ನಡೆದದ್ದು ಗೋಕಾಕದಲ್ಲಿ ಎಂದು ಬರೆಯುವವರೂ ಇದ್ದಾರೆ. ಅದು ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರ ಸಮಿತಿ 1981ರಲ್ಲಿ ಕೊಟ್ಟ ವರದಿಯಿಂದ ಬಂದ ಹೆಸರು. ಹೇಳಿದರೆ ಊರಿನವರಿಗೇ ಬೇಸರ, ಹಾಗಾಗಿ ಆವರಣದಲ್ಲಿ ಹೇಳಿದ್ದೇನೆ.)

ಈ ಅಜ್ಞಾನ ಬರೀ ನಗೆಯ ವಿಷಯವಾಗಿದ್ದರೆ ನಾನು ಈ ಅಂಕಣವನ್ನು ಇಲ್ಲಿಗೇ ಮುಗಿಸುತ್ತಿದ್ದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ ತಾಲೂಕಿನ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸಾಪ್ ಸುದ್ದಿ ನಂಬಿದ ಗುಂಪು ಹೈದರಾಬಾದಿನಿಂದ ಗೆಳೆಯರ ಜೊತೆ ಬಂದ ಯುವಕನೊಬ್ಬನನ್ನು ಹೊಡೆದು ಕೊಂದಿತು. ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದು ಅವರ ತಪ್ಪು. ಓದು ಬರಹ ಬಂದವರೂ ಇಂಥ ಸುದ್ದಿ ನಂಬುತ್ತಾರೆ ಅನ್ನುವುದೇ ಭಯ ಹುಟ್ಟಿಸುವ ಮಾತು. ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡದಂತೆ ಮಿತಿ ಹಾಕಿತು. ನೂರಾರು ವಿಶ್ವವಿದ್ಯಾಲಯಗಳಿರುವ ದೇಶಕ್ಕೆ ಮಾಹಿತಿ ಸಾಕ್ಷರತೆ ಕಲಿಸಿದ್ದು ಒಂದು ಮೊಬೈಲ್ ಆ್ಯಪು, ಅದೂ ಹೆಣ ಬಿದ್ದ ಮೇಲೆ.

ಗ್ರಂಥಾಲಯಕ್ಕೆ ಹೋಗೋಣ ಬನ್ನಿ, ಬಾಗಿಲು ತೆಗೆದಿದ್ದರೆ. ಪುಸ್ತಕಗಳಿರುವುದು ಬಳಕೆಗೆ ಎಂದು ಎಸ್.ಆರ್. ರಂಗನಾಥನ್ 1931ರಲ್ಲೇ ಮೊದಲ ಸೂತ್ರ ಬರೆದರು; ಕೊನೆಯ ದಿನಗಳನ್ನು ಅವರು ಬೆಂಗಳೂರಿನಲ್ಲೇ ಕಳೆದರು. ಅವರ ಐದೂ ಸೂತ್ರಗಳನ್ನು ಎಷ್ಟೋ ಕಾಲೇಜುಗಳ ಗ್ರಂಥಾಲಯದ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿರುತ್ತಾರೆ. ಸೂತ್ರದ ಕೆಳಗೆ ಗಾಜಿನ ಕಪಾಟು, ಕಪಾಟಿಗೆ ಬೀಗ. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್‌ನ ಪರಿಶೀಲನೆಯ ವಾರ ಮಾತ್ರ ಬೀಗ ತೆಗೆದು ಧೂಳು ಹೊಡೆಯುತ್ತಾರೆ. ದಿನಕ್ಕೆ ಎಷ್ಟು ಮಂದಿ ಗ್ರಂಥಾಲಯ ಬಳಸಿದರು ಎಂಬುದಕ್ಕೂ ನ್ಯಾಕಿನಲ್ಲಿ ಅಂಕ ಇರುವುದರಿಂದ ಹಾಜರಿ ವಹಿಯನ್ನು ಎನ್ನೆಸ್ಸೆಸ್ ಸ್ವಯಂಸೇವಕರು ಬೇರೆ ಬೇರೆ ಪೆನ್ನುಗಳಲ್ಲಿ ತುಂಬುತ್ತಾರೆ. ತಂಡದಲ್ಲಿ ಕೆಲಸ ಮಾಡುವ ಕಲೆ ಅವರಿಗೆ ಬಂದದ್ದು ಹೀಗೆ. ಕಾಲೇಜುಗಳಿಗೆಂದೇ ಇನ್‌ಫ್ಲಿಬ್‌ನೆಟ್ ನಡೆಸುವ ಎನ್-ಲಿಸ್ಟ್ ಯೋಜನೆಯಲ್ಲಿ ಸಾವಿರಗಟ್ಟಲೆ ವಿದ್ವತ್ ಪತ್ರಿಕೆಗಳು, ಲಕ್ಷಕ್ಕೂ ಹೆಚ್ಚು ಇ-ಪುಸ್ತಕಗಳು ಸಿಗುತ್ತವೆ. ಚಂದಾ ಕಟ್ಟಿರುತ್ತಾರೆ. ಲಾಗಿನ್ ವಿವರ ಇರುವ ಹಾಳೆ ಮೇಜಿನ ಖಾನೆಯಲ್ಲಿರುತ್ತದೆ, ಖಾನೆಯ ಕೀಲಿ ರಜೆಯ ಮೇಲಿರುವವರ ಹತ್ತಿರ. ಗ್ರಂಥಪಾಲಕರನ್ನು ಬೈಯಬೇಡಿ. ಎಷ್ಟೋ ಕಡೆ ಆ ಹುದ್ದೆಯೇ ಖಾಲಿ, ಇದ್ದ ಕಡೆ ಅವರಿಗೆ ಪರೀಕ್ಷಾ ಕೆಲಸ, ಸ್ಕಾಲರ್‌ಶಿಪ್ ಅರ್ಜಿ, ಚುನಾವಣಾ ಕೆಲಸ. ಮಾಹಿತಿ ಸಾಕ್ಷರತೆ ಕಲಿಸಲು ತರಬೇತಾದ ಏಕೈಕ ವ್ಯಕ್ತಿಯನ್ನು ಬಿಟ್ಟು ಉಳಿದೆಲ್ಲರಿಗೂ ಅದರ ಪಾಠ ಹಂಚಿದ್ದೇವೆ.

ಮೇಲಿನವರ ಕತೆಯೂ ಬೇರೆಯಿಲ್ಲ. ಪಿಎಚ್‌ಡಿ ಮಾಡುವವರಿಗೆ ಸಂಶೋಧನಾ ನೀತಿ ಎಂಬ ಪತ್ರಿಕೆಯನ್ನು ಯುಜಿಸಿ ಕಡ್ಡಾಯ ಮಾಡಿದೆ. ಎಷ್ಟು ಕ್ರೆಡಿಟ್? ಮತ್ತೆ ಎರಡೇ. ಪ್ರಾಮಾಣಿಕತೆಗೆ ಈ ದೇಶದಲ್ಲಿ ಅದಕ್ಕಿಂತ ಹೆಚ್ಚಿನ ಕ್ರೆಡಿಟ್ ಇಲ್ಲ. 2018ರ ನಿಯಮದ ಪ್ರಕಾರ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಹಾಗಾಗಿ ‘ಸರ್, ನನ್ನದು ಒಂಬತ್ತು ಪರ್ಸೆಂಟ್ ರೀ’ ಎಂದು ಮೀಸೆ ತಿರುವುವ ಸಂಶೋಧಕರು ತಯಾರಾಗಿದ್ದಾರೆ. ಕದ್ದಿಲ್ಲ ಎಂದಲ್ಲ, ಅಳತೆ ಮೀರಿ ಕದ್ದಿಲ್ಲ ಎಂದು.

ಈಗ ಕಾಲೇಜಿನ ಕಂಪೌಂಡ್ ದಾಟಿ ಗುರ್ಲಾಪುರ ಕ್ರಾಸಿಗೆ ಬನ್ನಿ. ಮೂಡಲಗಿ ತಾಲೂಕು. 2025ರ ಅಕ್ಟೋಬರ್ ಕೊನೆಗೆ ಕಬ್ಬು ಬೆಳೆಗಾರರು ಅಲ್ಲಿ ರಸ್ತೆಯ ಮೇಲೆ ಕೂತರು. ಟನ್ನಿಗೆ 3,500 ರೂಪಾಯಿ ಬೇಕೆಂದು ಪಟ್ಟು. ಅಲ್ಲೇ ಅಡುಗೆ, ಅಲ್ಲೇ ನಿದ್ದೆ. ನವೆಂಬರ್ 7ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳು ದಿನವಿಡೀ ಸಭೆ ಮಾಡಿ, ಕಾರ್ಖಾನೆಯವರಿಂದ 50, ಸರ್ಕಾರದಿಂದ 50 ಏರಿಸಿ 3,300ಕ್ಕೆ ತಂದು ನಿಲ್ಲಿಸಿದರು.

ಆ ದಿನಗಳಲ್ಲಿ ಪೇಪರು ಓದಿದ ಜಾಣರಿಗೆ ಒಂದು ಅನುಮಾನ ಬಂತು. ಕೇಂದ್ರ ಸರ್ಕಾರ 2025–26ರ ಹಂಗಾಮಿಗೆ ನಿಗದಿ ಮಾಡಿದ ಎಫ್‌ಆರ್‌ಪಿ ಕ್ವಿಂಟಲಿಗೆ 355, ಅಂದರೆ ಟನ್ನಿಗೆ 3,550. ಕೊಡಲೇಬೇಕಾದ ದರ 3,550 ಇರುವಾಗ 3,500 ಕೊಡಿ ಎಂದು ಯಾರಾದರೂ ರಸ್ತೆಗೆ ಇಳಿಯುತ್ತಾರೆಯೇ? ರೈತರಿಗೆ ಲೆಕ್ಕ ಬರುವುದಿಲ್ಲ, ಯಾರೋ ಎತ್ತಿಕಟ್ಟಿದ್ದಾರೆ ಎಂದು ಫೇಸ್‌ಬುಕ್ಕಿನಲ್ಲಿ ತೀರ್ಪು ಬಂತು. ತೀರ್ಪು ಕೊಟ್ಟವರಲ್ಲಿ ಪದವೀಧರರು ಕಡಿಮೆ ಇರಲಿಲ್ಲ. ಇದಕ್ಕೆ ಉತ್ತರ ಎಸ್ಸೆಸ್ಸೆಲ್ಸಿ ದಾಟದ ಯಾವ ಕಬ್ಬಿನ ಕಾಕಾನ ಹತ್ತಿರವೂ ಸಿದ್ಧವಿತ್ತು:

“ತಮ್ಮಾ, ಆ 3,550ರಾಗ ಕಡಿಯೂ ಗ್ಯಾಂಗಿನ ಕೂಲಿ, ಗಾಡಿ ಬಾಡಗಿ ಎಲ್ಲಾ ನಂದ. ಅವರು ಮುರಕೊಂಡ ಕೊಡತಾರ. ನಾವ ಕೇಳಿದ್ದು ಮುರಕೊಂಡ ಮ್ಯಾಲ ಕೈಗೆ ಬರೂದು. ಅಷ್ಟೂ ತಿಳೀದಲೇ ಡಿಗ್ರಿ ಮಾಡೀದೇನು?”

ಇಷ್ಟಕ್ಕೇ ಮುಗಿಯುವುದಿಲ್ಲ. ಆ 3,550 ಶೇ 10.25 ರಿಕವರಿಗೆ, ಅಂದರೆ ನೂರು ಕಿಲೋ ಕಬ್ಬಿಗೆ ಹತ್ತೂಕಾಲು ಕಿಲೋ ಸಕ್ಕರೆ ಬಂದರೆ. ಮೇಲಿನ ಪ್ರತಿ 0.1ಕ್ಕೆ ಕ್ವಿಂಟಲಿಗೆ 3.46 ರೂಪಾಯಿ ಹೆಚ್ಚು. ನೂರು ಟನ್ ಕಳಿಸಿದವನಿಗೆ ದಶಮಾಂಶದ ಆಚೆಗಿನ ಒಂದೇ ಒಂದು ಅಂಕೆಯ ಬೆಲೆ 3,460 ರೂಪಾಯಿ. ಆ ಅಂಕೆಯನ್ನು ಅಳೆಯುವುದು ಎಲ್ಲಿ? ಕಾರ್ಖಾನೆಯ ಲ್ಯಾಬಿನಲ್ಲಿ. ತೂಕ ಹಾಕುವುದು? ಕಾರ್ಖಾನೆಯ ಕಾಟಾದ ಮೇಲೆ. ಬಿಲ್ಲು ಬರೆಯುವುದು? ಅವರೇ. ಮಾಹಿತಿಯನ್ನು ಹುಟ್ಟಿಸುವವನು, ಅಳೆಯುವವನು, ಅದರಿಂದ ಲಾಭ ಪಡೆಯುವವನು ಒಬ್ಬನೇ ಆಗಿದ್ದರೆ ಏನು ಮಾಡಬೇಕು ಎಂಬುದೇ ಮಾಹಿತಿ ಸಾಕ್ಷರತೆಯ ಮೊದಲ ಪಾಠ. ಅದನ್ನು ಗುರ್ಲಾಪುರದಲ್ಲಿ ಟೆಂಟು ಹಾಕಿ ಕಲಿಸಿದರು, ಶುಲ್ಕವಿಲ್ಲದೆ.

ಶಿಸ್ತುಗಳ ಮಿಲನ ಬೇಕಿತ್ತಲ್ಲ? ಈ ಒಂದು ಬಿಲ್ಲನ್ನು ಹಿಡಿದು ಕೂತರೆ ಸಾಕು. ಕಡಿದ ಕಬ್ಬು ಗೇಟಿನಲ್ಲಿ ಎರಡು ದಿನ ನಿಂತರೆ ತೂಕ, ಸಕ್ಕರೆ ಎರಡೂ ಯಾಕೆ ಇಳಿಯುತ್ತವೆ ಎಂಬುದು ರಸಾಯನಶಾಸ್ತ್ರ. ಸಾಲು ಯಾಕೆ ಅಷ್ಟು ಉದ್ದವಾಯಿತು, ಯಾರ ಗಾಡಿ ಮುಂದೆ ಹೋಯಿತು ಎಂಬುದು ಸಮಾಜಶಾಸ್ತ್ರ. ಕಾಕಂಬಿ, ಸಿಪ್ಪೆ, ಎಥೆನಾಲ್, ಕರೆಂಟು ಮಾರಿ ಬಂದ ದುಡ್ಡಿನಲ್ಲಿ ಬೆಳೆದವನ ಪಾಲೆಷ್ಟು ಎಂಬುದು ಅರ್ಥಶಾಸ್ತ್ರ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಎಂಬುದು ಕಾನೂನು. ಆ ಬಡ್ಡಿಯನ್ನು ಬಹುತೇಕ ಯಾರೂ ಯಾಕೆ ಕೇಳಲಿಲ್ಲ ಎಂಬುದು ಮನಃಶಾಸ್ತ್ರ. ರಾಜ್ಯಶಾಸ್ತ್ರದ ಬಗ್ಗೆ ಹೇಳುವುದೇ ಬೇಡ. ನಮ್ಮ ಜಿಲ್ಲೆಯಲ್ಲಿ ಕಾರ್ಖಾನೆ ನಡೆಸುವವರು, ಕಾಯ್ದೆ ಮಾಡುವವರು, ಸಹಕಾರಿ ಬ್ಯಾಂಕಿನ ಆಡಳಿತ ಮಂಡಳಿಯಲ್ಲಿ ಕೂರುವವರು, ಕಾಲೇಜಿನ ಸ್ನೇಹ ಸಮ್ಮೇಳನಕ್ಕೆ ಮುಖ್ಯ ಅತಿಥಿಯಾಗಿ ಬಂದು ‘ವಿದ್ಯಾರ್ಥಿಗಳು ಪ್ರಶ್ನಿಸುವ ಮನೋಭಾವ ಬೆಳೆಸಿಕೊಳ್ಳಬೇಕು’ ಎಂದು ಭಾಷಣ ಮಾಡುವವರು ಬಹಳ ಸಲ ಬೇರೆ ಬೇರೆ ಮಂದಿ ಅಲ್ಲ. ಮೇಜರ್, ಮೈನರ್, ಓಪನ್ ಎಲೆಕ್ಟಿವ್ ಎಲ್ಲ ಒಬ್ಬರೇ ತಗೊಂಡಿದ್ದಾರೆ. ಅಂತರ್‌ಶಿಸ್ತೀಯ ಅಧ್ಯಯನ ಬೆಳಗಾವಿ ಜಿಲ್ಲೆಯಲ್ಲಿ ಸೋತಿದೆ ಎಂದವರು ಯಾರು?

ಹುಕ್ಕೇರಿಯವರು ನಮ್ಮನ್ನು ಬಿಟ್ಟರೆಂದು ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ತಾಲೂಕಿಗೆ ಕರೆಂಟು ಹಂಚುವುದು ಹೆಸ್ಕಾಂ ಅಲ್ಲ, 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ರಾಜ್ಯದಲ್ಲಿ ಇಂಥದ್ದು ಇನ್ನೊಂದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಅದರ ಆಡಳಿತ ಮಂಡಳಿಯ ಚುನಾವಣೆ ನಡೆದ ಅಬ್ಬರ ನೋಡಿದರೆ ವಿಧಾನಸಭೆ ಚುನಾವಣೆ ನಾಚಬೇಕು. ಒಂದು ಕರೆಂಟಿನ ಸಂಘದ ಕುರ್ಚಿಗೆ ಇಷ್ಟು ದೊಡ್ಡವರು ಯಾಕೆ ಬಡಿದಾಡುತ್ತಾರೆ? ಉತ್ತರ ಸಂಘದ ಅಢಾವೆ ಪತ್ರಿಕೆಯಲ್ಲಿ ಇರಬಹುದು, ಇಲ್ಲದಿರಬಹುದು. ಸಂಘದ ಸದಸ್ಯರ ಮಕ್ಕಳಿಗೆ ವಾರ್ಷಿಕ ವರದಿ ಕೇಳುವ ಹಕ್ಕು ಮನೆಯಲ್ಲೇ ಇದೆ. ಬಿಕಾಂ ಓದುವ ಹತ್ತು ಹುಡುಗರು, ರಾಜ್ಯಶಾಸ್ತ್ರದ ಐದು ಹುಡುಗಿಯರು ಕೂಡಿ ಹತ್ತು ವರ್ಷದ ವರದಿಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ, ಅದಕ್ಕೆ ಯಾವ ವಿಶ್ವವಿದ್ಯಾಲಯವೂ ಎರಡು ಕ್ರೆಡಿಟ್ ಕೊಡದಿದ್ದರೂ ಕೆಲವರಿಗೆ ನಿದ್ದೆಯಂತೂ ಬರುವುದಿಲ್ಲ.

ಪಠ್ಯಕ್ರಮ ಸಮಿತಿಯವರಿಗೆ ನನ್ನ ಬೇಡಿಕೆ ಸಣ್ಣದು. ಜುರ್ಕೋವ್‌ಸ್ಕಿಗೆ ಒಂದು ವರ್ಷ ಸೂಟಿ ಕೊಡಿ. ಪ್ರಶ್ನೆ ಪತ್ರಿಕೆಯ ಜೊತೆ ಒಂದು ಕಬ್ಬಿನ ಬಿಲ್ಲಿನ ಪ್ರತಿ ಅಂಟಿಸಿ, ಹೆಸರು ಅಳಿಸಿ, ‘ಇದರಲ್ಲಿರುವ ಯಾವ ಅಂಕಿಯನ್ನು ನೀವು ನಂಬುತ್ತೀರಿ, ಯಾವುದನ್ನು ನಂಬುವುದಿಲ್ಲ, ಯಾಕೆ?’ ಎಂದು ಕೇಳಿ. ಗೈಡು ಬರೆಯುವವರು ಒಂದು ವರ್ಷ ಉಪವಾಸ ಬೀಳುತ್ತಾರೆ, ಮೌಲ್ಯಮಾಪನ ಮಾಡುವವರು ಗಾಬರಿಯಾಗುತ್ತಾರೆ, ಮುಖ್ಯ ಅತಿಥಿಗಳು ಬರುವುದನ್ನು ನಿಲ್ಲಿಸುತ್ತಾರೆ. ಮೂರೂ ಒಳ್ಳೆಯದೇ. ನೀವು ಇದನ್ನು ಮಾಡುವುದಿಲ್ಲ ಎಂದು ಗೊತ್ತು, ಮುಂದಿನ ನೀತಿ ಬರುವ ಹೊತ್ತಾಯಿತು.

ಆದ್ದರಿಂದ ಈ ಮಾತು ಅಪ್ಪ ಅವ್ವಂದಿರಿಗೆ. ಮನೆಯಲ್ಲಿ ಡಿಗ್ರಿ ಓದುವ ಮಗನೋ ಮಗಳೋ ಇದ್ದರೆ, ಈ ಹಂಗಾಮಿನ ಬಿಲ್ಲು ಬಂದ ಕೂಡಲೇ ಗೂಟಕ್ಕೆ ಸಿಕ್ಕಿಸಬೇಡಿ, ಅವರ ಕೈಗೆ ಕೊಡಿ. ಹೋದ ವರ್ಷದ ಬಿಲ್ಲಿನ ಜೊತೆ ಇಟ್ಟು ಓದಲಿ. ಕಡಿತದ ಸಾಲುಗಳನ್ನು ಒಂದೊಂದಾಗಿ ಕೇಳಲಿ. ಕಬ್ಬು ಹೋಗಿ 14 ದಿನ ದಾಟಿದ್ದರೆ ಬಡ್ಡಿ ಲೆಕ್ಕ ಹಾಕಿ ಸಕ್ಕರೆ ಆಯುಕ್ತರಿಗೆ ಅರ್ಜಿ ಬರೆಯಲಿ. ಆ ಅರ್ಜಿಯನ್ನಾದರೂ ಝೆರಾಕ್ಸ್ ಅಂಗಡಿಯ ಅಣ್ಣನಿಂದ ಬರೆಸದಿರಲಿ.